ನಮ್ಮ ಮನೆಯ ಡಬ್ಬಿಯನ್ನು ಮುಟ್ಟಿದವರು ಯಾರು?

ವಿಜಯದಶಮಿಯ ಮಧ್ಯಾಹ್ನ ಊಟ ಮುಗಿಸಿ ಫೋನ್ ಹಿಡಿದು ಕೂತಾಗ ನನಗೆ ಖಾತ್ರಿಯಾಯಿತು. ನಮ್ಮ ಮನೆಯೊಳಗೇ ಯಾರೋ ನನ್ನ ಬೆನ್ನ ಹಿಂದೆ ಏನೋ ನಡೆಸುತ್ತಿದ್ದಾರೆ.

ಇಂಟರ್ನೆಟ್ ಇರಲಿಲ್ಲ. ಪೂರ್ತಿ ಹೋಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ವೈಫೈ ಗುರುತು ತುಂಬಿಕೊಂಡು ನಿಂತಿತ್ತು. ರೂಟರಿನ ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು. ಯಾವ ಪುಟವನ್ನು ಕೇಳಿದರೂ ಮಾತ್ರ ಬಿಳಿ ಪರದೆ. ಇದು ಕೆಟ್ಟುಹೋದ ಲಕ್ಷಣವೋ, ಕೆಡಿಸಿದ ಲಕ್ಷಣವೋ? ನೀವೇ ಹೇಳಿ.

ನಾನು ಅನುಮಾನದ ಮನುಷ್ಯ ಅಂತ ಈ ಅಂಕಣ ಓದುವ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಪಾಂಡವಪುರದ ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತನಾಲ್ಕು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ತಾಲ್ಲೂಕಿನ ಅರ್ಧ ಜನರ ಪಹಣಿ, ಟಿಸಿ, ವಿಲ್ ಪತ್ರಗಳು ನನ್ನ ಮೆಷಿನ್ನಿನ ಗಾಜಿನ ಮೇಲೆ ಮಲಗಿ ಎದ್ದಿವೆ. ಅಣ್ಣ ತಮ್ಮಂದಿರು ಒಂದೇ ಬಸ್ಸಿನಲ್ಲಿ ಬಂದು, ಒಬ್ಬರಿಗೊಬ್ಬರು ಕಾಣದ ಹಾಗೆ, ಒಂದೇ ಜಮೀನಿನ ಕಾಗದವನ್ನು ಬೇರೆ ಬೇರೆ ಹೊತ್ತಿಗೆ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದನ್ನು ನೋಡಿದ್ದೇನೆ. ಇಷ್ಟೆಲ್ಲ ನೋಡಿದವನಿಗೆ ಅನುಮಾನ ಬಾರದೆ ಇನ್ನೇನು ಬರಬೇಕು?

ಈಗ ಡಬ್ಬಿಯ ವಿಷಯ. ಯುಗಾದಿಯ ಹೊತ್ತಿಗೆ ನಮ್ಮ ಮನೆಗೊಂದು ಪುಟ್ಟ ಕಂಪ್ಯೂಟರ್ ತಂದೆ. ಸೋಪಿನ ಡಬ್ಬಿಯಷ್ಟಿದೆ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ವಾರ ವಿಡಿಯೋ ನೋಡಿ ನೋಡಿ ನಾನೇ ಕೂರಿಸಿದೆ. ಅದರ ಕೆಲಸ, ಮನೆಯ ಫೋನುಗಳಿಗೆ ಬರುವ ಜಾಹೀರಾತುಗಳನ್ನು ಬಾಗಿಲಲ್ಲೇ ತಡೆಯುವುದು.

ಹೇಗೆ ತಡೆಯುತ್ತದೆ? ನಾವು ಫೋನಿನಲ್ಲಿ ಒಂದು ಹೆಸರು ಒತ್ತುತ್ತೇವೆ. ಫೋನಿಗೆ ಹೆಸರು ಅರ್ಥವಾಗುವುದಿಲ್ಲ, ಅದಕ್ಕೆ ನಂಬರ್ ಬೇಕು. ಆದ್ದರಿಂದ ಅದು ಮೊದಲು ಹೋಗಿ ‘ಈ ಹೆಸರಿನವರ ನಂಬರ್ ಎಷ್ಟು’ ಎಂದು ವಿಚಾರಿಸುತ್ತದೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದ ಹಾಗೆ. ಈ ವ್ಯವಸ್ಥೆಗೆ ಡಿಎನ್ಎಸ್ ಅನ್ನುತ್ತಾರೆ. ನಾನು ಆ ಕೌಂಟರನ್ನೇ ಮನೆಗೆ ತಂದು ಕೂರಿಸಿದೆ. ಫೋನು ನ್ಯೂಸ್ ಕೇಳಿದರೆ ಡಬ್ಬಿ ದಾರಿ ಹೇಳುತ್ತದೆ. ಜಾಹೀರಾತಿನವರ ಮನೆ ಕೇಳಿದರೆ ‘ಅಂಥವರು ಯಾರೂ ಇಲ್ಲ’ ಎಂದು ಕಳಿಸಿಬಿಡುತ್ತದೆ. (ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಎಲ್ಲರಿಗೂ ಹಾಗೇ ಹೇಳುತ್ತಾರೆ, ಅದು ಬೇರೆ ಮಾತು.)

ಅವ್ವನಿಗೆ ಮಾತ್ರ ಇದರಿಂದ ತೃಪ್ತಿಯಾಗಲಿಲ್ಲ. ಧಾರಾವಾಹಿಯ ನಡುವೆ ಬರುವ ಜಾಹೀರಾತೂ ನಿಂತುಹೋಗುತ್ತದೆ ಅಂದುಕೊಂಡಿದ್ದಳು. ಅದು ಡಿಶ್ಶಿನಲ್ಲಿ ಬರುವುದು, ಇಂಟರ್ನೆಟ್ಟಿನದಲ್ಲ ಎಂದು ವಿವರಿಸಿದೆ. ಹಾಗಾದರೆ ಒಳ್ಳೆಯದೇ ಆಯಿತು, ಆ ಹೊತ್ತಿಗೆ ಒಲೆ ಮೇಲಿನ ಸಾರನ್ನಾದರೂ ನೋಡಿಕೊಂಡು ಬರಬಹುದು ಎಂದಳು.

ಈ ಡಬ್ಬಿಗೆ ಇನ್ನೊಂದು ಗುಣವಿದೆ. ಅದು ಬರೆದಿಟ್ಟುಕೊಳ್ಳುತ್ತದೆ. ಯಾವ ಫೋನು, ಎಷ್ಟು ಹೊತ್ತಿಗೆ, ಯಾರ ಹೆಸರು ಕೇಳಿತು ಎಂಬುದೆಲ್ಲ ಸಾಲಾಗಿ ದಾಖಲಾಗುತ್ತದೆ. ಅಲ್ಲಿ ಏನು ಓದಿದರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಯಾರ ಮನೆ ಬಾಗಿಲಿಗೆ ಹೋದರು ಅನ್ನುವುದು ಗೊತ್ತಾಗುತ್ತದೆ. ಅನುಮಾನದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಬೇಕೆ? ಮೊದಲ ಎರಡು ತಿಂಗಳು ದಿನಾ ಆ ಪಟ್ಟಿ ತೆರೆದು ನೋಡುತ್ತಿದ್ದೆ.

ಆಮೇಲೆ ನಿಲ್ಲಿಸಿದೆ. ಕಾರಣವನ್ನು ಮುಚ್ಚಿಡುವುದಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಪೇಪರ್ ಬಂಡಲ್ ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತುವಾಗ ಎದೆ ಬಿಗಿಯಿತು. ಎರಡನೇ ಸಲವೂ ಹಾಗೇ ಆದಾಗ ಮೈಸೂರಿನ ಒಂದು ಆಸ್ಪತ್ರೆಗೆ ಹೋದೆ. ಟೋನರ್ ತರಲು ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಆಂಜಿಯೋಗ್ರಾಂ ಮಾಡಿಸಬೇಕು, ತಡ ಮಾಡಬೇಡಿ ಅಂದರು. ದಸರಾ ಕಳೆಯಲಿ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಫೈಲು ಮುಚ್ಚಿದರು.

ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಸುಜಾತ ಸಣ್ಣ ವಿಷಯಕ್ಕೂ ನಿದ್ದೆಗೆಡುವವಳು. ಅವ್ವನಿಗೆ ಎಂಬತ್ತು ಸಮೀಪಿಸಿದೆ. ಇವೆಲ್ಲ ನಾನು ನನಗೇ ಹೇಳಿಕೊಂಡ ಕಾರಣಗಳು. ನಿಜ ಏನೆಂದರೆ, ಭಯ. ಹೇಳಿಬಿಟ್ಟರೆ ಹೋಗಿ ಮಲಗಲೇಬೇಕಾಗುತ್ತದೆ ಎಂಬ ಭಯ. ಅದರ ಬದಲು ಆ ಆಸ್ಪತ್ರೆಯ ಪುಟ, ಹೃದಯದ ರೋಗಗಳ ಪುಟ, ಯಾರಿಗೆ ಏನಾಯಿತು ಎಂಬ ಪುಟಗಳನ್ನೆಲ್ಲ ಕದ್ದು ಕದ್ದು ಓದುತ್ತಿದ್ದೆ. ಡಬ್ಬಿ ಬರೆದುಕೊಳ್ಳುತ್ತಿತ್ತು. ಆ ಪಟ್ಟಿ ತೆರೆದರೆ ನನ್ನ ಫೋನಿನ ಸಾಲುಗಳೇ ಮೊದಲು ಕಾಣುತ್ತವೆ ಎಂದು ನಾನದನ್ನು ತೆರೆಯುವುದನ್ನೇ ಬಿಟ್ಟೆ.

ಈಗ ಗೊತ್ತಾಯಿತಲ್ಲ, ವಿಜಯದಶಮಿಯ ದಿನ ನನಗೆ ಯಾಕೆ ಬೆವರು ಬಂತು ಅಂತ. ಡಬ್ಬಿಯ ಪುಟ ತೆರೆಯಲು ಅದರ ನಂಬರ್ ಹೊಡೆದೆ. ಸುಳಿವಿಲ್ಲ. ಡಬ್ಬಿಯ ದೀಪ ಮಾತ್ರ ಮಿಣ ಮಿಣ ಅನ್ನುತ್ತಿದೆ. ಒಳಗೆ ಜೀವ ಇದೆ, ಬಾಗಿಲು ತೆಗೆಯುತ್ತಿಲ್ಲ. ಯಾರೋ ಒಳಗೆ ಹೋಗಿ ಬೀಗ ಬದಲಾಯಿಸಿದ್ದಾರೆ ಎಂದು ತೀರ್ಮಾನಿಸಿದೆ. ಒಳಗೆ ಹೋದವರು ಪಟ್ಟಿ ಓದದೆ ಬಿಟ್ಟಿರುತ್ತಾರೆಯೇ?

ಮೊದಲ ಅನುಮಾನ ಮಹೇಶನ ಮೇಲೆ. ಮಹೇಶ ನಮ್ಮ ಬೀದಿಗೆಲ್ಲ ಇಂಟರ್ನೆಟ್ ಲೈನ್ ಕೊಟ್ಟಿರುವವನು. ಡಬ್ಬಿಯನ್ನು ಮೊದಲು ನೋಡಿದಾಗಲೇ, ಇಂಥದ್ದೆಲ್ಲ ಯಾಕೆ ಬೇಕಿತ್ತು ಎಂದು ಮುಖ ಸೊಟ್ಟಗೆ ಮಾಡಿದ್ದ. ಲೈನಿನವನಿಗೆ ಇದು ಯಾಕೆ ಚುಚ್ಚಬೇಕು?

ಎರಡನೇ ಅನುಮಾನ ನಸೀರನ ಮೇಲೆ. ನಸೀರ ನಮ್ಮ ಮಹಡಿಯ ಮೇಲಿನ ಬಾಡಿಗೆದಾರ. ಗೂಡ್ಸ್ ಟೆಂಪೋ ಓಡಿಸುತ್ತಾನೆ. ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ಅಂತ ದಿನಾ ಓಡಾಟ. ಆಯುಧಪೂಜೆಯ ದಿನ ಅವನ ಟೆಂಪೋಗೂ ನಮ್ಮ ಸ್ಕೂಟರಿಗೂ ಒಟ್ಟಿಗೇ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನೂ ಅವನೇ, ಬೂದುಗುಂಬಳ ಒಡೆದವನೂ ಅವನೇ. ಆಮೇಲೆ ಒಳಗೆ ಬಂದು ಪ್ರಸಾದ ತಿನ್ನುತ್ತಾ ಡಬ್ಬಿಯನ್ನೇ ದಿಟ್ಟಿಸಿ, ಇದು ಎಲ್ಲಾ ಬರೆದುಕೊಳ್ಳುತ್ತದಂತೆ ಹೌದಾ ಅಣ್ಣ ಎಂದು ಕೇಳಿದ್ದ. ಟೆಂಪೋ ಓಡಿಸುವವನಿಗೆ ಈ ಸುದ್ದಿ ಯಾರು ಹೇಳಿದ್ದು?

ಮೂರನೇ ಅನುಮಾನ ಸುಜಾತಳ ಮೇಲೆ. ಇದೇ ಎಲ್ಲಕ್ಕಿಂತ ಗಟ್ಟಿ. ಇಂಟರ್ನೆಟ್ ಇದ್ದರೂ ಇಲ್ಲದಿದ್ದರೂ ತಲೆ ಕೆಡಿಸಿಕೊಳ್ಳದ ಹೆಂಗಸು ಅವಳು. ಈ ಸಲ ದಿನಕ್ಕೆ ನಾಲ್ಕು ಸಲ ‘ಸರಿ ಆಯ್ತಾ’ ಎಂದು ಕೇಳತೊಡಗಿದಳು. ಅವಳ ಸಿಮ್ಮಿಗೆ ಮಾತಾಡುವ ಪ್ಯಾಕ್ ಮಾತ್ರ ಇದೆ, ಉಳಿದದ್ದಕ್ಕೆಲ್ಲ ಮನೆಯ ವೈಫೈ. ಮರುದಿನ ಬೆಳಿಗ್ಗೆ ನೋಡುತ್ತೇನೆ, ತಾರಸಿಯ ಮೂಲೆಯಲ್ಲಿ ನಿಂತು ಯಾರ ಜೊತೆಗೋ ಪಿಸುಮಾತು. ನನ್ನನ್ನು ಕಂಡ ತಕ್ಷಣ ಫೋನನ್ನು ಸೆರಗಿನೊಳಗೆ ಸೇರಿಸಿದಳು. ಒಣಗಿದ ಬಟ್ಟೆ ತೆಗೆಯಲು ಬಂದೆ ಅಂದಳು. ತಂತಿಯ ಮೇಲೆ ಒಂದು ಕರ್ಚೀಫೂ ಇರಲಿಲ್ಲ.

ಅದೇ ದಿನ ಅಂಗಡಿಯಲ್ಲಿ ಕೂತು ಒಂದು ಉಪಾಯ ಓದಿಕೊಂಡೆ. ಫೋನಿನ ಸೆಟ್ಟಿಂಗಿನಲ್ಲಿ ಡಬ್ಬಿಯ ಬದಲು ಹೊರಗಿನ ವಿಚಾರಣೆ ಕೌಂಟರಿನ ನಂಬರ್ ಹಾಕಿದರೆ, ಡಬ್ಬಿಯನ್ನು ದಾಟಿ ನೇರವಾಗಿ ಹೋಗಬಹುದು. ಮನೆಗೆ ಬಂದು ನನ್ನ ಫೋನಿನಲ್ಲಿ ಹಾಕಿ ನೋಡಿದೆ. ಪುಟಗಳು ಪಟಪಟನೆ ತೆರೆದವು. ಅಲ್ಲಿಗೆ ಲೈನಿನದು ತಪ್ಪಿಲ್ಲ, ಲೋಪ ಡಬ್ಬಿಯ ಕಡೆಯದೇ ಎಂದು ಸಾಬೀತಾಯಿತು.

ಇದೇ ಬದಲಾವಣೆಯನ್ನು ಮನೆಯ ಎಲ್ಲರ ಫೋನಿಗೂ ಮಾಡಿಕೊಡಬಹುದಿತ್ತು. ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಎಲ್ಲರಿಗೂ ಇಂಟರ್ನೆಟ್ ಬಂದುಬಿಟ್ಟರೆ ಕಳ್ಳ ಸಿಗುವುದು ಹೇಗೆ? ಯಾರು ಹೆಚ್ಚು ಚಡಪಡಿಸುತ್ತಾರೋ ಅವರೇ ಎಂದು ಲೆಕ್ಕ ಹಾಕಿ, ನನ್ನ ಫೋನಿನಲ್ಲಿ ಬರುತ್ತಿದೆ ಎಂಬುದನ್ನೂ ಯಾರಿಗೂ ಹೇಳದೆ ಕೂತೆ. ಸುಜಾತ ಬಂದು ಮತ್ತೆ ಕೇಳಿದಳು. ಇನ್ನೂ ಆಗಿಲ್ಲ, ನೋಡುತ್ತಿದ್ದೇನೆ ಎಂದು ಮುಖ ನೋಡದೆ ಹೇಳಿದೆ. ಈ ಸಾಲನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಸಂಜೆ ನಸೀರ ಟೆಂಪೋ ನಿಲ್ಲಿಸಿ ಮೆಟ್ಟಿಲು ಹತ್ತುತ್ತಿದ್ದ. ತಡೆದು ನಿಲ್ಲಿಸಿದೆ. ಪೂಜೆಯ ದಿನ ಡಬ್ಬಿಗೆ ಕೈ ಹಾಕಿದ್ದೆಯಾ ಎಂದು ನೇರವಾಗಿ ಕೇಳಿದೆ. ದನಿ ಎತ್ತರಿಸಿಯೇ ಕೇಳಿದೆ. ಅವನ ಹೆಂಡತಿ ಮೇಲಿನಿಂದ ಇಣುಕಿ ನೋಡಿ ಒಳಗೆ ಹೋದಳು. ನಸೀರ ಜೇಬಿನಿಂದ ಫೋನ್ ತೆಗೆದು, ಲಾಕ್ ತೆರೆದು ನನ್ನ ಕೈಗೆ ಕೊಟ್ಟ.

“ನೋಡ್ಕಳಿ ಅಣ್ಣ,” ಅಂದ. ಅಷ್ಟೇ.

ಮರ್ಯಾದಸ್ಥನಾದವನು ಅದನ್ನು ಹಾಗೇ ವಾಪಸ್ ಕೊಡುತ್ತಾನೆ. ನಾನು ನೋಡಿದೆ. ಕರೆಗಳ ಪಟ್ಟಿಯಲ್ಲಿ ಮೇಲೇ ಇತ್ತು, ‘ಸುಜಾತಕ್ಕ’. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಕೆಳಗಿನ ಮನೆಯವಳು ಮೇಲಿನ ಮನೆಯವನಿಗೆ ಫೋನ್ ಮಾಡುವ ಅಗತ್ಯ ಏನು? ಮೆಟ್ಟಿಲ ಬಳಿ ನಿಂತು ಕೂಗಿದರೆ ಕೇಳುವುದಿಲ್ಲವೇ? ಏನು ಮಾತಾಡಿದಿರಿ ಎಂದು ಕೇಳಿದೆ.

“ಅದುನ್ನ ಅಕ್ಕನ್ನೇ ಕೇಳಿ ಅಣ್ಣ. ನಾನು ಜಬಾನ್ ಕೊಟ್ಟಿವ್ನಿ.”

ಅಂದರೆ ಪಿತೂರಿ ಇರುವುದು ನಿಜ. ಒಬ್ಬರಿಗೊಬ್ಬರು ಮಾತು ಬೇರೆ ಕೊಟ್ಟುಕೊಂಡಿದ್ದಾರೆ. ಆ ಸಂಜೆ ನಾನು ಸುಜಾತಳನ್ನು ಏನೂ ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳಲ್ಲ. ಊಟಕ್ಕೆ ಕೂತಾಗ ಅವಳು ನನ್ನ ತಟ್ಟೆಗೆ ಬೇಳೆ ಹೆಚ್ಚು ಹಾಕಿ, ತುಪ್ಪದ ಗಿಂಡಿಯನ್ನು ದೂರ ಸರಿಸಿದಳು. ಇದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ. ತುಪ್ಪಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ ಎಂದು ಮಾತ್ರ ಹೊಳೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮಹೇಶ ಬಂದು ನಿಂತ. ನಾನು ಕರೆದಿರಲಿಲ್ಲ. ಅವ್ವ ಕರೆಸಿದ್ದಳು. ದಿನಾ ಬೆಳಿಗ್ಗೆ ಟಿವಿಯಲ್ಲಿ ಅವಳಿಗೆ ದೇವರ ಭಜನೆಯ ವಿಡಿಯೋ ಬೇಕು, ಅದು ಇಂಟರ್ನೆಟ್ ಇಲ್ಲದೆ ಬರುವುದಿಲ್ಲ. ನನ್ನನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ಹಾಲಿನವನ ಕೈಲಿ ಹೇಳಿ ಕಳಿಸಿದ್ದಳಂತೆ.

ಮಹೇಶ ನನ್ನ ಮುಖ ನೋಡಿದ. ನಾನು ಹಿಂದಿನ ದಿನವಷ್ಟೇ ಟೀ ಅಂಗಡಿಯಲ್ಲಿ ಅವನ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡಿದ್ದೆ. ಅದು ಅವನ ಕಿವಿಗೆ ಬಿದ್ದಿತ್ತು ಅನ್ನುವುದು ಆ ನೋಟದಲ್ಲೇ ಗೊತ್ತಾಯಿತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ತನ್ನ ಫೋನಿನಲ್ಲಿ ರೂಟರಿನ ಪುಟ ತೆರೆದ. ಲೈನು ಸರಿಯಾಗಿದೆ, ಹೆಸರು ಕೇಳಿದರೆ ಜವಾಬು ಕೊಡುವವರು ಇಲ್ಲ ಅಷ್ಟೇ ಎಂದ. ಅದು ನನಗೂ ಗೊತ್ತು, ಯಾರು ಕೆಡಿಸಿದ್ದು ಅಂತ ಹೇಳು ಎಂದೆ.

ಡಬ್ಬಿಯ ನಂಬರ್ ಎಷ್ಟು ಎಂದು ಕೇಳಿದ. ಕೊನೆಯಲ್ಲಿ ಎರಡು, ಯುಗಾದಿಯಿಂದಲೂ ಅದೇ ಎಂದೆ. ಅವನು ಪಟ್ಟಿಯನ್ನೇ ನೋಡುತ್ತಾ ನಗಲು ಶುರು ಮಾಡಿದ.

“ಅಣ್ಣ, ಎರಡನೇ ನಂಬರಲ್ಲಿ ನಿಮ್ ಟಿವಿ ಕುಂತದೆ. ಮನೆ ಫೋನೆಲ್ಲಾ ಮೂರು ದಿನದಿಂದ ಟಿವಿ ತಾವ ಓಗಿ ದಾರಿ ಕೇಳ್ತಾ ಅವೆ ಕಣಣ್ಣ. ಅದುಕ್ಕೇನ್ ಗೊತ್ತಾದದು ಪಾಪ.”

ಆಗ ಎಲ್ಲ ಬಿಡಿಸಿಕೊಂಡಿತು. ರೂಟರ್ ಅನ್ನುವುದು ಮನೆಯ ಒಂದೊಂದು ಸಾಮಾನಿಗೂ ಒಂದೊಂದು ನಂಬರ್ ಕೊಡುತ್ತದೆ, ಬ್ಯಾಂಕಿನ ಟೋಕನ್ ಹಾಗೆ. ಮೊದಲು ಬಂದವರಿಗೆ ಮೊದಲ ಟೋಕನ್. ನಮ್ಮ ಮನೆಯಲ್ಲಿ ಯುಪಿಎಸ್ ಇದೆ. ಕರೆಂಟ್ ಎಷ್ಟು ಸಲ ಹೋದರೂ ರೂಟರ್ ಆರುವುದಿಲ್ಲ. ಹಾಗಾಗಿ ಯುಗಾದಿಯಿಂದ ಯಾರ ಟೋಕನ್ನೂ ಬದಲಾಗಿರಲಿಲ್ಲ. ಡಬ್ಬಿಗೆ ಅದೇ ನಂಬರನ್ನು ಕಾಯಂ ಮಾಡಿಡಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ನಾನು ಆ ಭಾಗವನ್ನು ಓಡಿಸಿ ಮುಂದೆ ಹೋಗಿದ್ದೆ.

ರೂಟರ್ ಆರಿದ್ದು ಒಂದೇ ದಿನ, ಆಯುಧಪೂಜೆಯ ದಿನ. ಯಾರು ಆರಿಸಿದ್ದು? ನಾನೇ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಕುಡುಗೋಲು, ಮಚ್ಚು, ಹೊಲಿಗೆ ಮೆಷಿನ್ನು, ಅಂಗಡಿಯ ಸ್ಟೇಪ್ಲರ್ ಸಮೇತ ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಮರುದಿನದವರೆಗೆ ಮುಟ್ಟದೆ ಬಿಡುತ್ತೇವೆ. ಈ ಸಲ ಭಕ್ತಿ ಉಕ್ಕಿ, ರೂಟರ್ ಮತ್ತು ಡಬ್ಬಿಯನ್ನೂ ವೈರ್ ಕಿತ್ತು ಆ ಸಾಲಿನಲ್ಲಿ ಕೂರಿಸಿದ್ದೆ. ಚೆಂಡು ಹೂವೂ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ರೂಟರನ್ನು ಮತ್ತೆ ಹಾಕುವಾಗ ಅವ್ವ ಹಿಂದೆಯೇ ನಿಂತಿದ್ದಳು. “ದಸ್ರಾ ತೋರುಸ್ತಾರೆ ಕಣ್ಲಾ, ಮೊದ್ಲು ಟಿವಿ ಆಕು,” ಅಂದಳು. ಟಿವಿಯೂ ರೂಟರೂ ಒಂದೇ ಬೋರ್ಡಿನಲ್ಲಿವೆ. ಒಟ್ಟಿಗೇ ಹಾಕಿದೆ. ದಸರಾ ಡಿಶ್ಶಿನಲ್ಲಿ ಬಂತು, ಅಷ್ಟರಲ್ಲಿ ಟಿವಿ ಸದ್ದಿಲ್ಲದೆ ವೈಫೈಗೂ ಸೇರಿಕೊಂಡು ಎರಡನೇ ಟೋಕನ್ ಎತ್ತಿಕೊಂಡಿತ್ತು. ಡಬ್ಬಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅಕ್ಷತೆ ಕಾಳನ್ನು ಪಿನ್ನಿನಿಂದ ತೆಗೆದು, ಅದನ್ನು ನಾನು ಹಾಕಿದ್ದು ತಿಂಡಿ ಆದಮೇಲೆ. ಅದಕ್ಕೆ ಬೇರೆ ನಂಬರ್ ಸಿಕ್ಕಿತ್ತು. ದಾರಿಗೆ ಎರಡನೇ ನಂಬರನ್ನೇ ಕೇಳಿ ಎಂದು ಯುಗಾದಿಯಲ್ಲಿ ನಾನು ಹೇಳಿಕೊಟ್ಟಿದ್ದ ಫೋನುಗಳಿಗೆ ಅದು ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಮೂರು ದಿನ ಹುಡುಕಿದ ಕಳ್ಳ ಯಾರು ಅಂತ ಹೇಳಬೇಕಿಲ್ಲವಷ್ಟೆ.

ಮಹೇಶ ಡಬ್ಬಿಗೆ ಎರಡನೇ ನಂಬರನ್ನು ಕಾಯಂ ಮಾಡಿದ. ರೂಟರನ್ನು ಒಂದು ಸಲ ಆರಿಸಿ ಹಾಕಿದ. ಅವ್ವನ ಭಜನೆ ಶುರುವಾಯಿತು. ಟೀ ಕುಡಿದು ಹೋಗು ಅಂದೆ. ನಿನ್ನೆಯೇ ಟೀ ಅಂಗಡಿಯಲ್ಲಿ ಸಿಕ್ಕಾಗಿದೆ ಅಣ್ಣ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನ ಬೆನ್ನಿಗೆ ಒಂದು ‘ಸಾರಿ’ ಹೇಳಿದೆ. ಕೇಳಿಸಿತೋ ಇಲ್ಲವೋ.

ಆದರೂ ಒಂದು ಅನುಮಾನ ಉಳಿದಿತ್ತು. ಸುಜಾತ, ತಾರಸಿ, ನಸೀರನಿಗೆ ಎರಡು ಕರೆ. ಟಿವಿ ಯಾರಿಗೂ ಜಬಾನ್ ಕೊಟ್ಟಿರಲಿಲ್ಲವಲ್ಲ. ಅಂಗಡಿಗೆ ಹೊರಡುವ ಮೊದಲು ಡಬ್ಬಿಯ ಪಟ್ಟಿಯನ್ನು ತೆರೆದೆ. ನಾಲ್ಕು ತಿಂಗಳ ಮೇಲೆ ಮೊದಲ ಸಲ.

ಪೂಜೆಯ ದಿನದಿಂದ ಆ ಬೆಳಿಗ್ಗೆಯವರೆಗೆ ಪಟ್ಟಿ ಖಾಲಿ. ಅದರ ಹಿಂದಿನ ದಿನದ ಸಾಲುಗಳಲ್ಲಿ ಮೈಸೂರಿನ ಆ ಆಸ್ಪತ್ರೆಯ ಹೆಸರು ಕಂಡಿತು. ನಿರೀಕ್ಷಿಸಿದ್ದೇ, ನನ್ನದೇ ಇರಬೇಕು ಅಂದುಕೊಂಡೆ. ಹೊತ್ತು ನೋಡಿದರೆ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತೇನೆ. ಪಕ್ಕದ ನಂಬರ್ ನೋಡಿದೆ. ನನ್ನ ಫೋನಿನದಲ್ಲ. ಸುಜಾತಳದು.

ಹಿಂದಕ್ಕೆ ಸರಿಸಿದೆ. ಸೆಪ್ಟೆಂಬರ್, ಆಗಸ್ಟ್, ಜುಲೈ. ಆಸ್ಪತ್ರೆಯ ಹೆಸರು, ಹೃದಯದ ಪುಟಗಳು, ಯಾವ ಎಣ್ಣೆ ಒಳ್ಳೆಯದು ಎಂದು ಹೇಳುವ ಪುಟಗಳು. ನಾನು ಓದಿದ್ದವೇ ಎಷ್ಟೋ. ಎಲ್ಲ ಮಧ್ಯಾಹ್ನ, ಅವ್ವ ಮಲಗಿದ ಹೊತ್ತು. ಮೊದಲ ಸಾಲು ಜೂನ್ ತಿಂಗಳದು, ನಾನು ‘ಟೋನರ್ ತಂದ’ ದಿನದ ಮರುದಿನ. ಕೂತುಕೊಂಡೆ.

ಅಡುಗೆಮನೆಗೆ ಹೋದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಆಸ್ಪತ್ರೆಯ ಹೆಸರು ಹೇಳಿದೆ. ಅವಳು ಜರಡಿ ಕೆಳಗಿಟ್ಟಳು. ಹಿಂದೆ ಅವ್ವನ ಕಣ್ಣಿನ ಆಪರೇಷನ್ ಆಗಿದ್ದು ಅದೇ ಆಸ್ಪತ್ರೆಯಲ್ಲಿ, ಆಗ ನಮ್ಮ ಮನೆಯ ಫೈಲಿಗೆ ಬರೆಸಿದ್ದು ಸುಜಾತಳ ನಂಬರ್. ನನಗದು ಮರೆತುಹೋಗಿತ್ತು. ಆಂಜಿಯೋಗ್ರಾಂ ಮಾಡಿಸಿಕೊಳ್ಳಲು ಬನ್ನಿ ಎಂಬ ಮೆಸೇಜು ನಾಲ್ಕು ತಿಂಗಳಿಂದ ಅವಳಿಗೇ ಬರುತ್ತಿತ್ತು.

“ನೀವಾಗೇ ಯೋಳ್ಲಿ ಅಂತ ಕಾಯ್ತಿದ್ದೆ ಕಣ್ರೀ,” ಅಂದಳು. “ದಸ್ರಾ ಆದಮ್ಯಾಕೆ ನಾನೇ ಡೇಟ್ ತಕಬುಡಾನ ಅಂತಿದ್ದೆ. ನೋಡುದ್ರೆ ನೆಟ್ಟೇ ಇಲ್ಲ.”

ತಾರಸಿಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದ್ದಳು. ಒಂದು ಒತ್ತಿ, ಎರಡು ಒತ್ತಿ ಅನ್ನುತ್ತಲೇ ಕರೆ ಕಡಿದುಹೋಗುತ್ತಿತ್ತಂತೆ. ಕೊನೆಗೆ, ಮೈಸೂರಿಗೆ ಲೋಡ್ ತೆಗೆದುಕೊಂಡು ಹೋಗಿದ್ದ ನಸೀರನಿಗೆ ಹೇಳಿ, ಅವನು ಟೆಂಪೋ ನಿಲ್ಲಿಸಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಚೀಟಿ ಬರೆಸಿಕೊಂಡು ಬಂದಿದ್ದ. ನಾನು ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಾಗ ಆ ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಕ್ಯಾಲೆಂಡರಿನ ಹಿಂದಿನಿಂದ ಅದನ್ನು ತೆಗೆದು ಕೊಟ್ಟಳು. ಬುಧವಾರ, ಬೆಳಿಗ್ಗೆ ಎಂಟು ಗಂಟೆ, ನನ್ನ ಹೆಸರು.

ನಾನು ಮೇಲೆ ಹೋಗಿ ನಸೀರನ ಬಾಗಿಲು ತಟ್ಟಿದೆ. ನಾನು ಬಾಯಿ ತೆರೆಯುವ ಮುಂಚೆ ಅವನೇ, ಬುಧವಾರ ನನಗೆ ಲೋಡ್ ಇಲ್ಲ ಅಣ್ಣ, ಯಾರದಾದರೂ ಕಾರು ಇಸಿದುಕೊಂಡು ನಾನೇ ಓಡಿಸಿಕೊಂಡು ಬರುತ್ತೇನೆ ಎಂದ. ಅವನ ಕೈ ಹಿಡಿದುಕೊಂಡೆ. ಅವನ ಹೆಂಡತಿ ಒಳಗಿನಿಂದ ಕುರ್ಚಿ ತಂದು ಹಾಕಿದಳು.

ಇದನ್ನು ಬರೆಯುತ್ತಿರುವುದು ಮಂಗಳವಾರ. ಸುಜಾತ ಚೀಲಕ್ಕೆ ಲುಂಗಿ, ಟವೆಲ್ಲು, ಹಳೆಯ ಫೈಲು ತುಂಬುತ್ತಿದ್ದಾಳೆ. ಅವ್ವನಿಗೆ ವಿಷಯ ಹೇಳಿದೆವು. ಬೈದಳು, ಆಮೇಲೆ ದೇವರ ಮುಂದೆ ಹೋಗಿ ಕೂತಳು. ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ.

ನಾಲ್ಕು ತಿಂಗಳು ಗಂಡ ಹೆಂಡತಿ ಇಬ್ಬರೂ ಒಂದೇ ಡಬ್ಬಿಗೆ ಒಂದೇ ಆಸ್ಪತ್ರೆಯ ದಾರಿ ಕೇಳಿದ್ದೇವೆ, ಒಂದು ಸಲವಾದರೂ ಒಬ್ಬರನ್ನೊಬ್ಬರು ಕೇಳಿದ್ದರೆ ಏನಾಗುತ್ತಿತ್ತು?